ಹಪ್ಪಳದ ಜೊತೆಗೆ ಮೈಲುತುತ್ತವೂ ಇರಲಿ

ನಿಮ್ಮ ಲೇಖನದಲ್ಲಿ ಮಲೆನಾಡಿನ ವೈಶಾಖದ ಬಗ್ಗೆ ಚೆನ್ನಾಗಿ ಬರೆದಿದ್ದೀರಿ, ಹಲಸಿನ ಹಪ್ಪಳವೂ ಬಂದಿದೆ. ಆದರೆ ಅಡಿಕೆ ತೋಟದ ಮನೆಯಲ್ಲಿ ಮೇ ಕೊನೆ ಅಂದರೆ ಬರೀ ಹಪ್ಪಳವಲ್ಲ ಸ್ವಾಮಿ! ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ, ಮಳೆ ಹಿಡಿಯುವ ಮುಂಚೆಯೇ ಮೊದಲ ಸಲದ ಬೋರ್ಡೋ ದ್ರಾವಣ ಗೊನೆಗಳಿಗೆ ಬೀಳಬೇಕು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಅಪ್ಪಯ್ಯ ಡ್ರಮ್ಮಿನ ಹತ್ತಿರ ಕೂಗಾಡುತ್ತಿದ್ದರೆ, ಅಂಗಳದಲ್ಲಿ ಆಯಿ ನಮ್ಮನ್ನು ಹಪ್ಪಳದ ಚಾಪೆಗೆ ಕಾಗೆ ಕಾಯಲು ಕೂರಿಸುತ್ತಿದ್ದಳು. ಕಾದದ್ದಕ್ಕಿಂತ ಹಸಿ ಹಿಟ್ಟು ತಿಂದದ್ದೇ ಹೆಚ್ಚು (ಕೊಬ್ಬರಿ ಎಣ್ಣೆ ಹಚ್ಚಿ ತಿಂದವರಿಗೇ ಗೊತ್ತು ಆ ರುಚಿ). ಮಧ್ಯಾಹ್ನ ಗುಡುಗಿತೋ, ಚಾಪೆ, ಸೌದೆ, ದರಕು (ಒಣ ಎಲೆ) ಎಲ್ಲ ಒಟ್ಟಿಗೇ ಒಳಗೆ ಸೇರಬೇಕು. ಈಗ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡರು ಸಿಗುವುದೇ ಕಷ್ಟ. ನೆಲದಲ್ಲೇ ನಿಂತು ಹೊಡೆಯಲು ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ಬಂದಿದೆಯಲ್ಲ, ಅದರ ಬಗ್ಗೆಯೂ ಒಂದು ಲೇಖನ ಬರೆಯಿರಿ.