ಆಯಿ ಅವತ್ತು ನನ್ನನ್ನು ಸಾಲಿಗೆ ಕಳಿಸಲಿಲ್ಲ

ಕಳೆದ ವಾರ ಒಂಬತ್ತನೇ ಕ್ಲಾಸಿಗೆ ಗುರುತ್ವದ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಜಿನೀವಾದಾಗ ನೆಲದ ಒಳಗ ಒಂದ ಮಷೀನ್ ಐತಂತ್ರಿ. ಅದರಾಗ ಕಪ್ಪು ರಂಧ್ರ ಹುಟ್ಟಿ ಭೂಮೀನ ನುಂಗ್ತೈತಂತ್ರಿ. ಖರೇ ಏನ್ರಿ?"

ಕ್ಲಾಸೆಲ್ಲ ನಕ್ಕಿತು. ಅವಳು ನಗಲಿಲ್ಲ. ಬೆಳಕನ್ನೂ ಹೊರಬಿಡದೆ ಎಲ್ಲವನ್ನೂ ಒಳಗೆಳೆದುಕೊಳ್ಳುವ ಕಪ್ಪು ರಂಧ್ರದ ಬಗ್ಗೆ ಮೊಬೈಲಿನಲ್ಲಿ ಯಾವುದೋ ರೀಲ್ಸ್ ನೋಡಿದ್ದಳಂತೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನಕ್ಕವರನ್ನು ಗದರಿ ಕೂರಿಸಿದೆ. ಯಾಕೆಂದರೆ ಅವಳು ನಿಂತ ಜಾಗದಲ್ಲಿ ನಾನೂ ಒಮ್ಮೆ ನಿಂತಿದ್ದೆ.

2008ರ ಸೆಪ್ಟೆಂಬರ್ 10, ಬುಧವಾರ. ಅದೇ ಮಷೀನ್ ಶುರುವಾಗುವ ದಿನ. ಆಗ ನಾನೂ ಒಂಬತ್ತನೇ ಕ್ಲಾಸು. ಗೋಕಾಕ ತಾಲ್ಲೂಕಿನ ನಮ್ಮೂರಲ್ಲಿ ಗಣಪತಿ ಕೂತು ಎಂಟನೇ ದಿನ. ಅದಕ್ಕೂ ಮೊದಲೇ ಟಿವಿಯಲ್ಲಿ ಶುರುವಾಗಿತ್ತು: ಕೆಂಪು ಅಕ್ಷರ, ಭೂಮಿ ಒಳಗೊಳಗೇ ಕುಸಿಯುವ ಚಿತ್ರ, ಎದೆ ಹೊಡೆದುಕೊಳ್ಳುವಂಥ ಸಂಗೀತ. ನಮ್ಮ ಆಯಿ ಬೆಳಿಗ್ಗೆ ನನ್ನ ಪಾಟಿಚೀಲ ತೆಗೆದು ಮೂಲೆಗಿಟ್ಟಳು. "ತಮ್ಮಾ, ಇವತ್ತ ಸಾಲಿಗೆ ಹೋಗಬ್ಯಾಡ. ಏನ ಆಗೂದಿದ್ರೂ ಎಲ್ಲಾರೂ ಕೂಡೇ ಇರೂಣು." ಅವ್ವ ಹೋಳಿಗೆ ಮಾಡಿದಳು. ಅಪ್ಪ ಮಧ್ಯಾಹ್ನವೇ ಕಬ್ಬಿನ ಹೊಲದಿಂದ ಬಂದು ಕಟ್ಟೆಯ ಮೇಲೆ ಸುಮ್ನೆ ಕೂತ. ಸಂಜೆ ಆರತಿ ಆಯಿತು. ರಾತ್ರಿ ಆಯಿತು. ಏನೂ ಆಗಲಿಲ್ಲ.

ಮರುದಿನ ಸಾಲಿಗೆ ಹೋದೆ. ನಿನ್ನೆ ಯಾಕೆ ಬರಲಿಲ್ಲ ಎಂದು ಮೇಷ್ಟ್ರು ಕೇಳಿದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಎಲ್ಲರ ಮುಂದೆ ಜೋರಾಗಿ ನಕ್ಕರು. ಆ ಮಷೀನ್ ಏನು, ಯಾಕೆ ಏನೂ ಆಗಲಿಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಆ ನಗುವಿನ ನೋವು ನನಗೆ ಇನ್ನೂ ಹೋಗಿಲ್ಲ.

ಅದೇ ದಿನಗಳಲ್ಲಿ ಮಧ್ಯಪ್ರದೇಶದಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಟಿವಿಯ ಈ ಸುದ್ದಿಗೆ ಹೆದರಿ ಜೀವ ಕಳೆದುಕೊಂಡಳು ಎಂದು ಪತ್ರಿಕೆಗಳಲ್ಲಿ ಬಂತು. ಅವಳ ಮನೆಯಲ್ಲೋ ಸಾಲಿಯಲ್ಲೋ ಯಾರಾದರೂ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ.

ಎಷ್ಟೋ ವರ್ಷಗಳ ಮೇಲೆ ನನಗೆ ಒಂದು ಸಂಗತಿ ಗೊತ್ತಾಯಿತು. ನಾವು ಹೋಳಿಗೆ ಉಂಡು ಕಾಯುತ್ತಾ ಕೂತ ಆ ದಿನ ಅಲ್ಲಿ ಕಣಗಳ ಡಿಕ್ಕಿಯೇ ಆಗಿರಲಿಲ್ಲ! ಕಣಗಳ ಬಗ್ಗೆ ಸಂಶೋಧನೆ ಮಾಡುವ ಯುರೋಪಿನ ಸರ್ನ್ ಸಂಸ್ಥೆಯ ಆ ಯಂತ್ರದ ಹೆಸರು ಲಾರ್ಜ್ ಹ್ಯಾಡ್ರಾನ್ ಕೊಲೈಡರ್, ಎಲ್‌ಎಚ್‌ಸಿ. ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿ, ನೆಲದಡಿ ಸುಮಾರು 100 ಮೀಟರ್ ಆಳದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗ. ಪರಮಾಣುವಿನ ಒಳಗಿರುವ ಪ್ರೋಟಾನ್ ಎಂಬ ಪುಟ್ಟ ಕಣಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುವುದು ಅದರ ಕೆಲಸ. ಅವತ್ತು ಅದರಲ್ಲಿ ಪ್ರೋಟಾನ್‌ಗಳನ್ನು ಮೊದಲ ಸಲ ಒಂದು ಸುತ್ತು ಓಡಿಸಿ ನೋಡಿದ್ದರು, ಅಷ್ಟೇ. ಒಂಬತ್ತು ದಿನಕ್ಕೇ ಯಂತ್ರ ಕೆಟ್ಟಿತು. ಎರಡು ಅಯಸ್ಕಾಂತಗಳ ನಡುವಿನ ಒಂದು ವಿದ್ಯುತ್ ಜಾಯಿಂಟ್ ಸರಿ ಇರಲಿಲ್ಲ. ಅದು ಕಾದು ಸುಟ್ಟು, ತಂಪು ಮಾಡಲು ತುಂಬಿಸಿದ್ದ ಹೀಲಿಯಂ ಟನ್ನುಗಟ್ಟಲೆ ಸೋರಿತು. ಪಂಪ್‌ಸೆಟ್ ಮೋಟರಿನ ಲೂಸ್ ಜಾಯಿಂಟ್ ಸುಟ್ಟು ಹೊಲಕ್ಕೆ ನೀರಿಲ್ಲದೆ ಒದ್ದಾಡಿದ ನಮ್ಮ ಕಡೆಯ ಯಾವ ರೈತನಿಗಾದರೂ ಇದು ತಟ್ಟನೆ ತಿಳಿಯುತ್ತದೆ. ರಿಪೇರಿಗೆ ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಮೊದಲ ಡಿಕ್ಕಿ ಆದದ್ದು 2009ರ ನವೆಂಬರ್‌ನಲ್ಲಿ. ಆಗ ನಮ್ಮ ಯಾವ ಚಾನೆಲ್ಲೂ ಕೌಂಟ್‌ಡೌನ್ ಹಾಕಿದ್ದು ನಾನು ನೋಡಲಿಲ್ಲ. ಹೆದರಿಸಿದವರು ತಿರುಗಿ ಬಂದು "ಹೀಗಾಯಿತು ನೋಡ್ರಪ್ಪಾ, ಹೆದರಬೇಡಿ" ಎಂದು ಒಂದು ಮಾತು ಹೇಳಬೇಕಿತ್ತು, ಅಲ್ವಾ?

ಸರಿ, ಆ ಹುಡುಗಿಗೆ ನಾನು ಏನು ಹೇಳಿದೆ?

ಮೊದಲು ಸೊಳ್ಳೆಯ ಲೆಕ್ಕ ಹೇಳಿದೆ. ಹಾರುವ ಒಂದು ಸೊಳ್ಳೆಯಲ್ಲಿ ಇರುವ ಶಕ್ತಿ ಸುಮಾರು 1 ಟೆರಾ ಎಲೆಕ್ಟ್ರಾನ್‌ವೋಲ್ಟ್. ಕಣಗಳ ಶಕ್ತಿ ಅಳೆಯುವ ಮಾಪು ಅದು. ಎಲ್‌ಎಚ್‌ಸಿಯಲ್ಲಿ ಎರಡು ಪ್ರೋಟಾನ್ ಎದುರುಬದುರಾಗಿ ಹೊಡೆದುಕೊಂಡಾಗ ಈಗ 13.6. ಅಂದರೆ ಹದಿಮೂರು ಹದಿನಾಲ್ಕು ಸೊಳ್ಳೆಯಷ್ಟು. ಆ ಶಕ್ತಿಯೆಲ್ಲ ಸೊಳ್ಳೆಗಿಂತ ಕೋಟಿ ಕೋಟಿ ಪಾಲು ಚಿಕ್ಕ ಜಾಗದಲ್ಲಿ ಒತ್ತಿ ಸೇರುತ್ತದೆ. ಅದಕ್ಕೇ ಅಲ್ಲಿ ಹೊಸ ಕಣಗಳು ಹುಟ್ಟುತ್ತವೆ.

ಹಾಗಂತ ಅಪಾಯವೇ ಇಲ್ಲ ಅನ್ನಲಿಲ್ಲ. ಯಂತ್ರದಲ್ಲಿ ಓಡುವ ಕಿರಣದಲ್ಲಿ ಅಂಥ ಪ್ರೋಟಾನ್‌ಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಎಲ್ಲವನ್ನೂ ಕೂಡಿಸಿದರೆ ಜೋರಾಗಿ ಓಡುವ ರೈಲಿನಷ್ಟು ಶಕ್ತಿ. ದಾರಿ ತಪ್ಪಿದರೆ ಯಂತ್ರವನ್ನೇ ಕೊರೆದು ಹಾಕುತ್ತದೆ. ಹಾಗಾಗಿ ಯಂತ್ರ ಓಡುವಾಗ ಸುರಂಗದೊಳಗೆ ಯಾರನ್ನೂ ಬಿಡುವುದಿಲ್ಲ. ಆದರೆ ಈ ಅಪಾಯ ಆ ಸುರಂಗಕ್ಕೆ. ಗೋಕಾಕಕ್ಕಲ್ಲ, ಭೂಮಿಗಲ್ಲ.

ಆಮೇಲೆ ಎಲ್ಲರಿಗೂ ಅಂಗೈ ಚಾಚಲು ಹೇಳಿದೆ. ಮೇಲಿಂದ, ಆಕಾಶದಿಂದ, ಸೆಕೆಂಡಿಗೆ ಹೆಚ್ಚೂಕಡಿಮೆ ಒಂದು ಮ್ಯುವಾನ್, ಅಂದರೆ ಎಲೆಕ್ಟ್ರಾನಿನಂಥದ್ದೇ ಆದರೆ ಅದಕ್ಕಿಂತ ಭಾರವಾದ ಕಣ, ಈ ಅಂಗೈಯನ್ನು ತೂರಿ ಹೋಗುತ್ತಿದೆ. ಬಾಹ್ಯಾಕಾಶದಿಂದ ಬಂದ ಕಣಗಳು ಗಾಳಿಗೆ ಡಿಕ್ಕಿ ಹೊಡೆದಾಗ ಹುಟ್ಟಿದವು ಇವು. ಸರ್ನ್‌ನಲ್ಲಿ ನಡೆಯುವಂಥ ಡಿಕ್ಕಿಗಳೇ ನಮ್ಮ ತಲೆ ಮೇಲೆ ಭೂಮಿ ಹುಟ್ಟಿದಾಗಿನಿಂದ, 450 ಕೋಟಿ ವರ್ಷದಿಂದ ನಡೆಯುತ್ತಿವೆ. 1991ರಲ್ಲಿ ಅಮೆರಿಕದ ಯೂಟಾದಲ್ಲಿ ಒಂದು ಕಣ ಸಿಕ್ಕಿತು. ಆ ಒಂದೇ ಕಣದಲ್ಲಿ ಸ್ಪಿನ್ ಬೌಲರ್ ಎಸೆದ ಕ್ರಿಕೆಟ್ ಚೆಂಡಿನಷ್ಟು ಶಕ್ತಿ ಇತ್ತು. ಅದರ ಡಿಕ್ಕಿ ಎಲ್‌ಎಚ್‌ಸಿಯ ಡಿಕ್ಕಿಗಿಂತ ಹತ್ತಾರು ಪಟ್ಟು ಜೋರು. ಭೂಮಿ ಇಲ್ಲೇ ಇದೆ.

ಪುಟ್ಟ ಕಪ್ಪು ರಂಧ್ರ ಹುಟ್ಟಿದರೂ ಕ್ಷಣದಲ್ಲಿ ಆವಿಯಾಗಿ ಹೋಗುತ್ತದೆ ಎಂದು ಸ್ಟೀಫನ್ ಹಾಕಿಂಗ್ 1974ರಲ್ಲಿ ಲೆಕ್ಕ ಹಾಕಿದ್ದರು. ಹೆಚ್ಚಿನವರು ಈ ಉತ್ತರ ಕೊಟ್ಟು ಮುಗಿಸುತ್ತಾರೆ. ನಾನು ಕೊಡಲಿಲ್ಲ. ಅಂಥ ಆವಿಯಾಗುವಿಕೆಯನ್ನು ಆಕಾಶದಲ್ಲಿ ಯಾರೂ ಇನ್ನೂ ಕಂಡಿಲ್ಲ. ಹೆದರಿದ ಮಗುವಿಗೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕು. ಆಕಾಶದ ಸಾಕ್ಷಿಯೇ ಗಟ್ಟಿ ಅಂತ ನನ್ನ ಅಭಿಪ್ರಾಯ.

ಆ ಹುಡುಗಿ ಮತ್ತೆ ಎದ್ದಳು. "ಸರ್, ಮ್ಯಾಲಿಂದ ಬರೂವು ಜೋರ ಬರ್ತಾವ್ರಿ. ಅವುದರಿಂದ ಹುಟ್ಟಿದ್ದು ಭೂಮಿ ದಾಟಿ ಹೋಗಿಬಿಡ್ತೈತಿ. ಆ ಮಷೀನದಾಗ ಎರಡೂ ಕಡೆಯಿಂದ ಬಂದು ಬಡಿತಾವಲ್ಲರಿ, ಅಲ್ಲಿ ಹುಟ್ಟಿದ್ದು ನಿಂತಲ್ಲೇ ನಿಂತ್ರ?"

ನನ್ನ ಮೈ ಜುಮ್ಮೆಂದಿತು. ಭೌತವಿಜ್ಞಾನಿಗಳು ತಮ್ಮನ್ನು ತಾವೇ ಕೇಳಿಕೊಂಡ ಪ್ರಶ್ನೆ ಇದೇ. 2008ರಲ್ಲಿ ಗಿಡ್ಡಿಂಗ್ಸ್ ಮತ್ತು ಮಂಗಾನೊ ಎಂಬ ಇಬ್ಬರು ಇದರ ಮೇಲೆ ದೊಡ್ಡ ಪ್ರಬಂಧವನ್ನೇ ಬರೆದರು. ಭೂಮಿಯಲ್ಲಿ ನಿಲ್ಲದೆ ದಾಟಿ ಹೋಗುವಂಥದ್ದು ಉರಿದು ಮುಗಿದು ಕುಗ್ಗಿದ ನಕ್ಷತ್ರಗಳಾದ ಶ್ವೇತಕುಬ್ಜ, ನ್ಯೂಟ್ರಾನ್ ನಕ್ಷತ್ರಗಳಲ್ಲಿ ದಾಟಲಾರದು. ಅವು ಅಷ್ಟು ದಟ್ಟ. ನ್ಯೂಟ್ರಾನ್ ನಕ್ಷತ್ರದ ಒಂದು ಚಮಚ ಕೋಟಿಗಟ್ಟಲೆ ಟನ್ ತೂಗುತ್ತದೆ. ಅಪಾಯ ನಿಜವಾಗಿದ್ದರೆ ಕಪ್ಪು ರಂಧ್ರ ಅವುಗಳನ್ನು ಯಾವಾಗಲೋ ನುಂಗಿಬಿಟ್ಟಿರಬೇಕಿತ್ತು. ನುಂಗಿಲ್ಲ. ಎಷ್ಟೋ ಕೋಟಿ ವರ್ಷ ಹಳೆಯವು ಇವತ್ತೂ ಆಕಾಶದಲ್ಲಿ ಕಾಣುತ್ತವೆ. ಇದನ್ನು ಹೇಳಿ ಮುಗಿಸುವಾಗ ಯಾರೂ ನಗುತ್ತಿರಲಿಲ್ಲ.

ಹಾಗಾದರೆ ಇಷ್ಟೆಲ್ಲ ಯಾಕೆ, ಸಿಕ್ಕಿದ್ದೇನು? 2012ರ ಜುಲೈ 4ರಂದು ಹಿಗ್ಸ್ ಬೋಸಾನ್ ಎಂಬ ಕಣ ಸಿಕ್ಕಿತು ಎಂದು ಘೋಷಿಸಿದರು. ಮೂಲ ಕಣಗಳಿಗೆ ತೂಕ ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆಗೆ ಅದು ಉತ್ತರ. ಹೆಸರಿನ ಅರ್ಧ ನಮ್ಮ ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರದ್ದು. ಅದರ ಆಚೆಗೆ ಕಾದದ್ದು ಬಹಳ, ಸಿಕ್ಕಿದ್ದು ಕಡಿಮೆ. ಕಣ್ಣಿಗೆ ಕಾಣದ, ಗುರುತ್ವದ ಎಳೆತದಿಂದ ಮಾತ್ರ ಗೊತ್ತಾಗುವ ಡಾರ್ಕ್ ಮ್ಯಾಟರ್ ಏನು ಎಂದು ಎಲ್‌ಎಚ್‌ಸಿ ಇನ್ನೂ ಹೇಳಿಲ್ಲ. ಇದನ್ನೂ ಮಕ್ಕಳಿಗೆ ಹೇಳಬೇಕು. ಈಗ 91 ಕಿಲೋಮೀಟರ್ ಸುತ್ತಳತೆಯ ಇನ್ನೊಂದು ಯಂತ್ರದ ಮಾತು ನಡೆದಿದೆ. ಸುಮಾರು 1,500 ಕೋಟಿ ಸ್ವಿಸ್ ಫ್ರಾಂಕ್ ಬೇಕಂತೆ. ಅಷ್ಟು ದುಡ್ಡು ಹಾಕಬೇಕೋ ಬೇಡವೋ ಎಂದು ಜಗಳ ಆಡಬಹುದು, ಆಡಲಿ. ಅದು ನ್ಯಾಯವಾದ ಜಗಳ.

ಇನ್ನೊಂದು ಮಾತು. ನಮ್ಮ ಅತ್ತೆಗೆ ಕ್ಯಾನ್ಸರ್ ಆದಾಗ 25 ದಿನ "ಕರೆಂಟ್" ಕೊಡಿಸಿದೆವು. ರೇಡಿಯೇಷನ್ ಚಿಕಿತ್ಸೆಯನ್ನು ಹಳ್ಳಿಯಲ್ಲಿ ಎಲ್ಲರೂ ಹಾಗೇ ಕರೆಯುವುದು. ಮೊದಲ ದಿನ ಅತ್ತೆ ಯಂತ್ರ ನೋಡಿ ನನ್ನ ಕೈ ಬಿಡಲಿಲ್ಲ. "ಕರೆಂಟ್ ಹಿಡದು ಸುಡತೈತೇನೋ" ಎಂದು ಕೇಳಿದಳು. ಆ ಯಂತ್ರ ಎಲೆಕ್ಟ್ರಾನ್‌ಗಳನ್ನು ವೇಗವಾಗಿ ಓಡಿಸಿ ಲೋಹದ ತುಂಡಿಗೆ ಬಡಿಸುತ್ತದೆ. ಆಗ ಹುಟ್ಟುವ ಎಕ್ಸ್‌ರೇ ಗಡ್ಡೆಯನ್ನು ಸುಡುತ್ತದೆ. ಸರ್ನ್‌ನ ಯಂತ್ರದ್ದೇ ವಂಶ, ಚಿಕ್ಕ ತಂಗಿ ಇದ್ದ ಹಾಗೆ. ಆಸ್ಪತ್ರೆಯ ಟೆಕ್ನಿಷಿಯನ್ ಹುಡುಗಿ ಐದು ನಿಮಿಷ ನಿಂತು ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮರುದಿನದಿಂದ ಅತ್ತೆ ಒಬ್ಬಳೇ ಒಳಗೆ ಹೋದಳು. ಈಗ ಆರಾಮಾಗಿದ್ದಾಳೆ.

ನಾನು ಕೇಳುವುದು ಆ ಐದು ನಿಮಿಷವನ್ನೇ. ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದೊಳಗೆ ನ್ಯೂಟ್ರಿನೊ, ಅಂದರೆ ಹೆಚ್ಚುಕಡಿಮೆ ಯಾವುದಕ್ಕೂ ತಾಗದೆ ಎಲ್ಲವನ್ನೂ ತೂರಿ ಹೋಗುವ ಕಣಗಳ ಪ್ರಯೋಗಾಲಯ ಕಟ್ಟಲು ಕೇಂದ್ರ ಸರ್ಕಾರ 2015ರಲ್ಲಿ ಒಪ್ಪಿತ್ತು. ಜನ ಹೆದರಿದರು. ಕಾಡಿನ ಬಗ್ಗೆ, ನೀರಿನ ಬಗ್ಗೆ ಅವರು ಕೇಳಿದ್ದು ಸರಿಯಾದ ಪ್ರಶ್ನೆ. ವಿಕಿರಣದ ಭಯಕ್ಕೆ ಮಾತ್ರ ಆಧಾರ ಇರಲಿಲ್ಲ. ಎರಡೂ ಒಂದರೊಳಗೊಂದು ಕಲೆತು ಕೆಲಸ ನಿಂತೇಹೋಯಿತು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲೇ ಆಕಾಶದ ನ್ಯೂಟ್ರಿನೊಗಳ ಗುರುತು ಹಿಡಿದಿದ್ದರು. ಜಗತ್ತಿನಲ್ಲಿ ಮೊದಮೊದಲು ಹಿಡಿದವರಲ್ಲಿ ಅವರೂ ಇದ್ದರು. ನಮ್ಮ ಸಾಲಿಯ ಒಂದು ಮಗುವಿಗೂ ಇದು ಗೊತ್ತಿರಲಿಲ್ಲ. ಡಿಗ್ರಿ ಮುಗಿಸುವ ತನಕ ನನಗೂ ಯಾರೂ ಹೇಳಿರಲಿಲ್ಲ.

ಅವತ್ತಿನಿಂದ ಕ್ಲಾಸಿನಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ. ಹೆದರಿಕೆ ಆಗುವ ಯಾವುದೇ ಸುದ್ದಿ ನೋಡಿದರೆ ಚೀಟಿ ಬರೆದು ಹಾಕಿ, ಹೆಸರು ಬೇಡ ಅಂದಿದ್ದೇನೆ. ಒಂದು ವಾರಕ್ಕೆ ಹದಿನೇಳು ಚೀಟಿ ಬಿದ್ದಿವೆ. ಮಾಮೂಲಿ ವಸ್ತುವಿಗೆ ತಾಗಿದೊಡನೆ ಎರಡೂ ಶಕ್ತಿಯಾಗಿ ಮಾಯವಾಗುವ ಪ್ರತಿವಸ್ತು (ಆಂಟಿಮ್ಯಾಟರ್) ಒಂದು ಹನಿ ತಾಗಿದರೆ ಊರು ಹಾರಿ ಹೋಗುತ್ತದೆಯೇ ಎಂದು ಒಂದು. ಮೊಬೈಲ್ ಟವರ್ ಬಗ್ಗೆ ನಾಲ್ಕು. ಸೂರ್ಯ ಆರಿದರೆ ದನಗಳಿಗೆ ಏನಾಗುತ್ತದೆ ಎಂದು ಒಂದು. ಎಲ್ಲದಕ್ಕೂ ನನಗೆ ಉತ್ತರ ಗೊತ್ತಿಲ್ಲ. ಬೆಳಗಾವಿ, ಹುಬ್ಬಳ್ಳಿ, ಧಾರವಾಡದಲ್ಲಿ ಭೌತಶಾಸ್ತ್ರ ಓದಿದವರು, ಓದಿಸುವವರು ಯಾರಾದರೂ ಒಂದು ಶನಿವಾರ ನಮ್ಮ ಸಾಲಿಗೆ ಬನ್ನಿ. ಕನ್ನಡದಲ್ಲಿ ಹೇಳಿ. ಬಸ್‌ಸ್ಟ್ಯಾಂಡಿಗೆ ನಾನೇ ಬೈಕ್ ತರುತ್ತೇನೆ, ಊಟ ನಮ್ಮ ಮನೆಯಲ್ಲಿ. ಅವ್ವ ಹೋಳಿಗೆ ಮಾಡುತ್ತಾಳೆ.