ವಿಫಲವಾದ ಪರೀಕ್ಷೆಗಳ ಕಥೆಯನ್ನೂ ನಮಗೆ ಹೇಳಬೇಕು

ಅಗ್ನಿ ಸರಣಿಯ ಕ್ಷಿಪಣಿಯೊಂದರ ಪರೀಕ್ಷೆ ನಡೆದ ದಿನ ನಮ್ಮ ಹೊಸನಗರದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ಎಷ್ಟು ದೂರ ಹೋಗುತ್ತದಂತೆ? ಅಗ್ನಿ-1ಕ್ಕೆ 700 ಕಿ.ಮೀ., ಅಗ್ನಿ-3ಕ್ಕೆ 3,000ಕ್ಕೂ ಹೆಚ್ಚು, ಅಗ್ನಿ-5ಕ್ಕೆ 5,000ಕ್ಕೂ ಹೆಚ್ಚು ಎಂದು ಯಾರಾದರೂ ಬರೆಯುತ್ತಾರೆ, ಬಾವುಟದ ಚಿತ್ರಗಳು ಬಂದು ಬೀಳುತ್ತವೆ, ಮಾತು ಅಲ್ಲಿಗೆ ಮುಗಿಯುತ್ತದೆ. ನನಗೂ ಹೆಮ್ಮೆಯಿದೆ. ಆದರೆ ಆ ದೂರ ಎಷ್ಟು ಸಲ ಸೋತು, ಏನನ್ನು ತಿದ್ದಿಕೊಂಡು ದಕ್ಕಿತು ಎಂಬುದನ್ನು ನಮಗೆ ಯಾರೂ ಕೂತು ಹೇಳುವುದಿಲ್ಲವೆಂಬ ಕೊರಗು ಬಹಳ ಕಾಲದಿಂದ ನನ್ನಲ್ಲಿದೆ.

ಈ ಕೊರಗು ಮೂಡಿದ್ದು ನಮ್ಮದೇ ತಾಲ್ಲೂಕಿನ ನಗರ ಎಂಬ ಊರಿನಿಂದ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಹೈದರಾಲಿ 1763ರಲ್ಲಿ ಗೆದ್ದು ಹೈದರ್‌ನಗರವೆಂದು ಹೆಸರಿಟ್ಟ; ಅದೇ ಈಗಿನ ನಗರ. ಅಲ್ಲಿಯ ಒಂದು ಪಾಳುಬಾವಿಯಿಂದ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳನ್ನು ಪುರಾತತ್ತ್ವ ಇಲಾಖೆಯವರು ಹೊರತೆಗೆದರು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಅವುಗಳ ಮುಂದೆ ನಿಂತಾಗ, ಒಂದು ಗೇಣಿಗಿಂತ ಸ್ವಲ್ಪವೇ ಉದ್ದವಿರುವ ತುಕ್ಕು ಹಿಡಿದ ಈ ಕೊಳವೆಗಳೇ ಒಂದು ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಬೆದರಿಸಿದ್ದವೆಂದು ನಂಬಲು ಹೊತ್ತು ಹಿಡಿಯಿತು. ಯುರೋಪಿನಲ್ಲಿ ಆಗ ರಟ್ಟಿನ ಕೊಳವೆಗಳು ಬಳಕೆಯಲ್ಲಿದ್ದವು. ಕಬ್ಬಿಣದ ಕೊಳವೆ ಒಳಗಿನ ಒತ್ತಡವನ್ನು ಹೆಚ್ಚು ತಡೆದುಕೊಳ್ಳುತ್ತಿದ್ದುದರಿಂದ ಮೈಸೂರಿನ ರಾಕೆಟ್‌ಗಳು ದೂರ ಸಾಗುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರವನ್ನು ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬ ಇಂಗ್ಲಿಷ್ ತಂತ್ರಜ್ಞ ಮದ್ದಿನ ಪ್ರಮಾಣವನ್ನೂ ಕೊಳವೆಯ ಅಳತೆಯನ್ನೂ ಬದಲಿಸುತ್ತಾ ಮತ್ತೆ ಮತ್ತೆ ಹಾರಿಸಿ, ಕಂಡದ್ದನ್ನು ಬರೆದಿಟ್ಟ. ನಮ್ಮಲ್ಲಿ ಆ ವಿದ್ಯೆ ಕುಶಲಕರ್ಮಿಗಳ ಕೈಯಲ್ಲೇ ಉಳಿದು, ಅವರೊಂದಿಗೇ ಹೋಯಿತು.

ಅಗ್ನಿಯ ಕಥೆ ಹಾಗಾಗಲಿಲ್ಲ ಎಂಬುದೇ ನನ್ನ ಸಂತೋಷ. 1983ರಲ್ಲಿ ಅಬ್ದುಲ್ ಕಲಾಂ ಅವರ ಮುಂದಾಳತ್ವದಲ್ಲಿ ಪೃಥ್ವಿ, ಅಗ್ನಿ, ಆಕಾಶ್, ತ್ರಿಶೂಲ್, ನಾಗ್ ಎಂಬ ಐದು ಕ್ಷಿಪಣಿಗಳ ಯೋಜನೆ ಆರಂಭವಾಯಿತು. 1989ರ ಏಪ್ರಿಲ್ 20ರಂದು ಹಾರಬೇಕಿದ್ದ ಅಗ್ನಿ ಕೊನೆಯ ಕ್ಷಣಗಳಲ್ಲಿ ನಿಂತಿತು. ಮೇ 1ರಂದು ಮತ್ತೆ ನಿಂತಿತು. ಪತ್ರಿಕೆಗಳಲ್ಲಿ ವ್ಯಂಗ್ಯಚಿತ್ರಗಳು ಬಂದವು. ಮೇ 22ರಂದು ಒಡಿಶಾದ ಚಾಂದೀಪುರದಿಂದ ಅದು ಮೇಲೇರಿದ ಸುದ್ದಿಯನ್ನು ನಮ್ಮ ಮನೆಯವರು ಮಳೆಗಾಲಕ್ಕೆ ಕಟ್ಟಿಗೆ ಒಟ್ಟುತ್ತಾ ಭದ್ರಾವತಿ ಆಕಾಶವಾಣಿಯಲ್ಲಿ ಕೇಳಿದ್ದು ನನಗೆ ನೆನಪಿದೆ. 1992ರ ಮೇ ತಿಂಗಳಲ್ಲಿ ನಡೆದ ಅಗ್ನಿಯ ಎರಡನೆಯ ಪರೀಕ್ಷೆ ಮಾತ್ರ ಸೋತಿತು. ಆ ಸುದ್ದಿ ನಮ್ಮ ಮನೆಯ ಯಾರ ನೆನಪಿನಲ್ಲೂ ಇಲ್ಲ.

ಇಂತಹ ಕ್ಷಿಪಣಿಯ ಕೆಲಸವನ್ನು ಗದ್ದೆ ಕಾಯಲು ಕವಣೆ ಬೀಸಿದವರು ಸುಲಭವಾಗಿ ಅರಿಯಬಲ್ಲರು. ಕಲ್ಲು ಕೈಬಿಟ್ಟ ಮೇಲೆ ಅದನ್ನು ಯಾರೂ ತಳ್ಳುವುದಿಲ್ಲ. ಕೈಬಿಡುವ ಕ್ಷಣದ ವೇಗ ಮತ್ತು ದಿಕ್ಕು ಅದು ಎಲ್ಲಿ ಬೀಳಬೇಕೆಂಬುದನ್ನು ತೀರ್ಮಾನಿಸಿರುತ್ತವೆ. ಕ್ಷಿಪಣಿಯ ಇಂಧನವೂ ಮೊದಲ ಕೆಲವೇ ನಿಮಿಷಗಳಲ್ಲಿ ಉರಿದು ಮುಗಿಯುತ್ತದೆ. ಅಲ್ಲಿಂದ ಅದರ ತುದಿಯ ಸ್ಫೋಟಕ ಭಾಗವಾದ ಸಿಡಿತಲೆ ವಾತಾವರಣದ ಆಚೆಗೆ ಸಾಗಿ, ತಿರುಗಿ ಒಳಬರುವಾಗ ಗಾಳಿಯ ತಡೆಯಿಂದ ಅದರ ಹೊರಮೈ 3,000 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುತ್ತದೆ. ಅದನ್ನು ತಾಳಬಲ್ಲ ಇಂಗಾಲದ ಎಳೆಗಳ ಶಾಖ ಕವಚವನ್ನು ನಮ್ಮವರೇ ಮಾಡಿಕೊಳ್ಳಬೇಕಾಯಿತು, ಏಕೆಂದರೆ 1987ರಲ್ಲಿ ಏಳು ದೇಶಗಳು ಕೂಡಿ ಕ್ಷಿಪಣಿ ತಂತ್ರಜ್ಞಾನದ ಮಾರಾಟಕ್ಕೆ ಕಡಿವಾಣ ಹಾಕಿದ್ದವು. ಅದೇ ನಿಯಂತ್ರಣ ಕೂಟಕ್ಕೆ ಭಾರತ 2016ರಲ್ಲಿ ಸದಸ್ಯನಾಗಿ ಸೇರಿತು.

2006ರ ಜುಲೈ 9ರಂದು ಅಗ್ನಿ-3ರ ಮೊದಲ ಹಾರಾಟ ಸಮುದ್ರದಲ್ಲಿ ಕೊನೆಗೊಂಡಿತು. ಕ್ಷಿಪಣಿಯಲ್ಲಿ ಮೊದಲು ಉರಿಯುವ ಕೆಳಹಂತದ ಬಿಸಿ ಅನಿಲ ಬುಡದ ಭಾಗಕ್ಕೆ ಮರಳಿ ನುಗ್ಗಿ ಅಲ್ಲಿಯ ವಿದ್ಯುನ್ಮಾನ ಭಾಗಗಳನ್ನು ಹಾಳುಮಾಡಿತ್ತೆಂದು ವಿಜ್ಞಾನಿಗಳು ಪತ್ತೆಹಚ್ಚಿದರು. ತಿದ್ದಿದ ಕ್ಷಿಪಣಿ 2007ರ ಏಪ್ರಿಲ್ 12ರಂದು ಗೆದ್ದಿತು. ನನ್ನ ದೃಷ್ಟಿಯಲ್ಲಿ ಈ ಒಂಬತ್ತು ತಿಂಗಳುಗಳು ಇಡೀ ಸರಣಿಯಲ್ಲೇ ಅತ್ಯಂತ ದೊಡ್ಡ ಸಾಧನೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಮುನ್ನ ಮೈಲುತುತ್ತ ಮತ್ತು ಸುಣ್ಣದ ದ್ರಾವಣದಲ್ಲಿ ಕತ್ತಿಯ ಅಲಗನ್ನು ಅದ್ದಿ, ಕೆಂಪು ಕಲೆ ಹತ್ತಿದರೆ ಇನ್ನಷ್ಟು ಸುಣ್ಣ ಬೆರೆಸುವ ನಮ್ಮ ತೋಟಿಗರಿಗೆ, ಆ ಕಲೆ ಕಂಡದ್ದೇ ಒಳ್ಳೆಯದಾಯಿತೆಂದು ಬೇರೆ ಯಾರೂ ಹೇಳಬೇಕಿಲ್ಲ.

ಪರೀಕ್ಷೆಗೆ ಜಾಗವೂ ಬೇಕು, ಆ ಜಾಗದಲ್ಲಿ ಜನರಿರುತ್ತಾರೆ. ಶರಾವತಿ ಅಣೆಕಟ್ಟಿನ ಮುಳುಗಡೆಯಲ್ಲಿ ಊರು ಕಳೆದುಕೊಂಡ ಬಂಧುಗಳಿರುವ ನಮಗೆ ಇದು ಪರರ ಸಂಗತಿಯಾಗಬಾರದು. 1980ರ ದಶಕದಲ್ಲಿ ಬಾಲಸೋರ್ ಜಿಲ್ಲೆಯ ಬಾಲಿಯಾಪಾಲ್‌ನಲ್ಲಿ ರಾಷ್ಟ್ರೀಯ ಪರೀಕ್ಷಾ ವಲಯಕ್ಕೆ ಭೂಮಿ ಗುರುತಿಸಿದಾಗ, ವೀಳ್ಯದೆಲೆ ಮತ್ತು ಭತ್ತ ಬೆಳೆಯುವ ಆ ರೈತರು ದಾರಿಗೆ ಅಡ್ಡಗಟ್ಟಿ, ಅಧಿಕಾರಿಗಳು ಬಂದರೆ ಶಂಖ ಊದಿ ಊರನ್ನೆಲ್ಲ ಸೇರಿಸಿ, ವರ್ಷಗಟ್ಟಲೆ ತಡೆದರು. ಆ ಯೋಜನೆ ಅಲ್ಲಿಗೆ ಬರಲಿಲ್ಲ. ಪರೀಕ್ಷೆಗಳು ಚಾಂದೀಪುರದಲ್ಲಿ, ಮುಂದೆ ಈಗ ಅಬ್ದುಲ್ ಕಲಾಂ ದ್ವೀಪವೆನಿಸಿರುವ ವೀಲರ್ ದ್ವೀಪದಲ್ಲಿ ನಡೆದವು. ಎಲೆ ಬೆಳೆಯುವವರು ನೆಲ ಉಳಿಸಿಕೊಂಡರು, ಕ್ಷಿಪಣಿಯೂ ಹಾರಿತು. ಅಡಿಕೆ ಬೆಳೆಯುವ ನಾವು ಈ ಎರಡನ್ನೂ ಒಟ್ಟಿಗೇ ನೆನೆಯಬೇಕೆಂದು ನಾನು ಬಯಸುತ್ತೇನೆ.

ಸೇನೆಯ ಗುಟ್ಟುಗಳನ್ನು ಬಿಚ್ಚಿಡಿ ಎಂದು ನಾನು ಕೇಳುತ್ತಿಲ್ಲ. ಅಗ್ನಿ-5 ಒಂದಕ್ಕಿಂತ ಹೆಚ್ಚು ಸಿಡಿತಲೆಗಳನ್ನು ಹೊತ್ತೊಯ್ದ 2024ರ ಮಾರ್ಚ್ 11ರ ಪರೀಕ್ಷೆಯ ಸೂಕ್ಷ್ಮಗಳು ಗುಟ್ಟಾಗಿಯೇ ಇರಲಿ. ದಶಕಗಳ ಹಿಂದಿನ ಸೋಲುಗಳನ್ನಾದರೂ ಶಾಲೆಯ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಹೇಳಬಹುದಲ್ಲವೇ? ಶಿವಪ್ಪನಾಯಕ ಅರಮನೆಯಲ್ಲಿ ನಗರದ ರಾಕೆಟ್‌ಗಳ ಪಕ್ಕದ ಗೋಡೆಯ ಮೇಲೆ ಅಗ್ನಿಯ ಪರೀಕ್ಷೆಗಳ ಫಲಕವೊಂದನ್ನು ಹಾಕಬೇಕು, ಅದರಲ್ಲಿ 1992ರ ಮೇ ಮತ್ತು 2006ರ ಜುಲೈ 9, ಅಗ್ನಿ-5 ಮೊದಲ ಸಲ ಹಾರಿದ 2012ರ ಏಪ್ರಿಲ್ 19ರಷ್ಟೇ ದಪ್ಪ ಅಕ್ಷರದಲ್ಲಿರಬೇಕು ಎಂದು ಇಲಾಖೆಗೆ ಮನವಿಯೊಂದನ್ನು ಬರೆದಿದ್ದೇನೆ. ಜೊತೆಗೆ ಸಹಿ ಹಾಕಲು ಒಪ್ಪುವವರು ದಯವಿಟ್ಟು ಇಲ್ಲೇ ತಿಳಿಸಿ.