ಬಾಗಿಲು ಹಾಕಿದ ಗುಹೆಗೂ ಒಂದು ದಾರಿ ಬೇಕಲ್ವಾ?

ವಿಆರ್ (ವರ್ಚುವಲ್ ರಿಯಾಲಿಟಿ) ಪ್ರವಾಸ, ಅಂದರೆ ಹೆಡ್‌ಸೆಟ್ ಹಾಕಿಕೊಂಡು ಜಾಗದೊಳಗೇ ಇದ್ದಂತೆ ನೋಡುವುದು, ಬಂದರೆ ಜನ ನಿಜವಾದ ಸ್ಮಾರಕಗಳಿಗೆ ಹೋಗುವುದನ್ನೇ ಬಿಡುತ್ತಾರೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಕೆಲವು ಕಡೆ ಒಳಗೆ ಬಿಡುವುದೇ ಇಲ್ಲ. ಆದಿಮಾನವರು ಬಿಡಿಸಿದ ಚಿತ್ರಗಳಿರುವ ಫ್ರಾನ್ಸಿನ ಲಾಸ್ಕೋ ಗುಹೆಯನ್ನೇ ನೋಡಿ. ಜನರಿಗೆ ತೆರೆದದ್ದು 1948ರಲ್ಲಿ. ಬಂದವರ ಉಸಿರು, ತೇವ, ದೀಪದ ಬೆಳಕು ಎಲ್ಲ ಸೇರಿ ಗೋಡೆಗೆ ಪಾಚಿ ಹಿಡಿಯಿತು. 1963ರಲ್ಲಿ ಬಾಗಿಲು ಹಾಕಿದರು. ಸಾವಿರಾರು ವರ್ಷ ತಾಳಿದ ಚಿತ್ರಗಳು ನಮ್ಮನ್ನು ಹದಿನೈದು ವರ್ಷವೂ ತಾಳಲಿಲ್ಲ! ಇಂಥ ಜಾಗದ ಒಳಗನ್ನು ನೋಡಲು ವಿಆರ್ ಒಂದು ದಾರಿ.

ಇನ್ನೊಂದು ಲಾಭ ಲೇಖನದಲ್ಲಿ ಬಂದಿಲ್ಲ. ವಿಆರ್ ಪ್ರವಾಸಕ್ಕೆಂದು ಮಾಡುವ ಲೇಸರ್ ಸ್ಕ್ಯಾನ್, ಅಂದರೆ ಲೇಸರ್ ಕಿರಣದಿಂದ ಕಟ್ಟಡದ ಅಳತೆ ತೆಗೆಯುವುದು, ದಾಖಲೆಯಾಗಿಯೂ ಉಳಿಯುತ್ತದೆ. ಪ್ಯಾರಿಸ್ಸಿನ ನೋಟ್ರ ಡಾಮ್ ಚರ್ಚನ್ನು ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ 2010ರಲ್ಲಿ ಸ್ಕ್ಯಾನ್ ಮಾಡಿದ್ದರು. 2019ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಮತ್ತೆ ಕಟ್ಟುವಾಗ ಆ ಅಳತೆಗಳು ಕೆಲಸಕ್ಕೆ ಬಂದವು.

ನನ್ನ ತಕರಾರು ಬೇರೆ. ಸುಮ್ನೆ ನಾಲ್ಕು 360 ಡಿಗ್ರಿ ಫೋಟೋ ಜೋಡಿಸಿ ವಿಆರ್ ಅಂತಾರೆ. ಬಾಣದ ಗುರುತು ಒತ್ತಿದರೆ ಮುಂದಿನ ಫೋಟೋ, ಅಷ್ಟೇ. ಕಂಬ ಎಷ್ಟು ಎತ್ತರ ಎಂಬುದೂ ತಿಳಿಯುವುದಿಲ್ಲ. ಅದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಬಿದ್ದುಹೋದ ಗೋಪುರವನ್ನು ವಿಆರ್‌ನಲ್ಲಿ ಹೊಳೆಯುವಂತೆ ನಿಲ್ಲಿಸಿದಾಗ. ಯಾವ ಕಲ್ಲು ನಿಜವಾಗಿ ಸಿಕ್ಕಿದ್ದು, ಯಾವುದು ಊಹೆ? ಇದನ್ನು ನೋಡುವವರಿಗೆ ತಿಳಿಸಬೇಕು ಎಂದು 2009ರ ಲಂಡನ್ ಚಾರ್ಟರ್ (ಹಳೆಯ ಸ್ಮಾರಕಗಳನ್ನು ಕಂಪ್ಯೂಟರಿನಲ್ಲಿ ಮರಳಿ ಚಿತ್ರಿಸುವವರಿಗಾಗಿ ಇರುವ ಮಾರ್ಗಸೂಚಿ) ಹೇಳುತ್ತದೆ. ಊಹೆಯ ಭಾಗಕ್ಕೆ ಬೇರೆ ಬಣ್ಣ ಕೊಟ್ಟರೂ ಸಾಕು. ಎಷ್ಟು ಜನ ಕೊಡುತ್ತಾರೆ ಹೇಳಿ?

ಅಂದಹಾಗೆ, ಹೆಡ್‌ಸೆಟ್ ಹಾಕಿದರೆ ನನಗೆ ಹತ್ತು ನಿಮಿಷಕ್ಕೇ ತಲೆ ಸುತ್ತುತ್ತದೆ. ಮಾಮೂಲಿ ಪರದೆಯಲ್ಲೂ ನೋಡುವಂತೆ ಮಾಡಿದರೆ ನನ್ನಂಥವರಿಗೂ ಅನುಕೂಲ.